ಜಿ ಕಾರ್ಡ್ ಏಕೆ ತೂಗಾಡುತ್ತಿತ್ತು: ಮನೆಯ ಕೋಣೆಯಲ್ಲಿ ಗಿಟಾರ್ ಮತ್ತು ಕೊರಳಿನ ರೆಕಾರ್ಡಿಂಗ್ ಕೆಟ್ಟಾಗ

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ನಮ್ಮ ಮನೆಯಲ್ಲಿ ಹತ್ತಡಿಗೆ ಹತ್ತಡಿಯ ಒಂದು ಕೋಣೆಯಿದೆ. ವಾರವೆಲ್ಲ ಮಗಳ ಓದಿನ ಕೋಣೆ, ಶನಿವಾರ ಸಂಜೆ ನಮ್ಮ ಸ್ಟುಡಿಯೊ. ಒಂದು ಗಿಟಾರ್, ಎರಡು ಕಂಡೆನ್ಸರ್ ಮೈಕ್, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಚಾನೆಲ್ಲಿನ ಆಡಿಯೊ ಇಂಟರ್‌ಫೇಸ್, ಹಳೆಯ ಲ್ಯಾಪ್‌ಟಾಪ್, ಮಂಚದ ಮೇಲೆ ಒತ್ತಿಕೊಂಡು ಕೂರುವ ನಾಲ್ಕೈದು ಕನ್ನಡಿಗರು. ಭಾವಗೀತೆ, ದಾಸರ ಪದ, ಒಮ್ಮೊಮ್ಮೆ ನಮ್ಮವರೇ ಕಟ್ಟಿದ ಹಾಡು. ರೆಕಾರ್ಡ್ ಮಾಡಿ ಊರಿನವರಿಗೆ ಕಳಿಸುತ್ತೇವೆ; ಅವರು ಚೆನ್ನಾಗಿದೆ ಎನ್ನುತ್ತಾರೆ. ನಿಜ ಹೇಳುವವನು ಧಾರವಾಡದ ಸೋದರಮಾವ ಒಬ್ಬನೇ.

ಹೋದ ವರ್ಷ ಅವನು ಫೋನ್ ಮಾಡಿ, "ಗಿಟಾರ್ ಶ್ರುತಿ ತಪ್ಪಿದೆ, ಜಿ ಕಾರ್ಡ್ ಬಂದಾಗಲೆಲ್ಲ ತೊಟ್ಟಿಲಿನ ಹಾಗೆ ತೂಗುತ್ತದೆ" ಎಂದ. ನಾವು ಒಪ್ಪಲಿಲ್ಲ. ಟ್ಯೂನರ್ ಹಸಿರು ತೋರಿಸುತ್ತಿತ್ತು. ಮತ್ತೆ ಕೇಳಿದೆವು. ಕಾರ್ಡ್ (ಹಲವು ತಂತಿಗಳನ್ನು ಒಟ್ಟಿಗೆ ಮೀಟುವ ಸ್ವರಗುಚ್ಛ) ಮೀಟಿದ ತಕ್ಷಣ ಏನೂ ಇಲ್ಲ; ನಾದ ಇಳಿಯುತ್ತ ಬಂದಾಗ ಬಾಲದಲ್ಲಿ ಸೆಕೆಂಡಿಗೆ ಎರಡು ಸಲ ಉಬ್ಬಿ ತಗ್ಗುತ್ತಿತ್ತು. ತಂತಿ ಬದಲಿಸಿದೆವು, ಮೈಕ್ ಬದಲಿಸಿದೆವು, ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಹೊಸ ಕೇಬಲ್ ತಂದೆವು. ಮೂರನ್ನೂ ಒಂದೇ ಸಂಜೆ ಬದಲಿಸಿದ್ದು ದೊಡ್ಡ ತಪ್ಪು. ದೋಷ ಹೋಗಿದ್ದರೆ ಯಾವುದರಿಂದ ಹೋಯಿತೆಂದು ತಿಳಿಯುತ್ತಿರಲಿಲ್ಲ. ಅದು ಹೋಗಲೂ ಇಲ್ಲ.

ಅಂದಿನಿಂದ ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿಯ ಫ್ಲ್ಯಾಟುಗಳಲ್ಲಿ ಕಾಣುವ ದೋಷಗಳೇ ಹೆಚ್ಚು. ಬೇರೆ ಊರಿನಲ್ಲಿ ಇರುವವರು ಮಳೆಗಾಲದ ಭಾಗವನ್ನು ತಮ್ಮ ಹವೆಗೆ ಹೊಂದಿಸಿಕೊಳ್ಳಬಹುದು.

ಮೊದಲು ಮೌನವನ್ನು ರೆಕಾರ್ಡ್ ಮಾಡಿ

ಹಾಡಿಗೆ ಇಟ್ಟಿದ್ದ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಅನ್ನೇ ಇಟ್ಟು, ಎಲ್ಲರನ್ನೂ ಸುಮ್ಮನಿರಿಸಿ, ಮೂವತ್ತು ಸೆಕೆಂಡ್ ಬರಿಯ ಕೋಣೆಯನ್ನು ರೆಕಾರ್ಡ್ ಮಾಡಿ. ಅದನ್ನು ಹೆಡ್‌ಫೋನಿನಲ್ಲಿ ಜೋರಾಗಿ ಕೇಳಿ. ಹಾಡು ಇರುವಾಗ ಕಿವಿ ಹಾಡನ್ನೇ ಹಿಂಬಾಲಿಸುತ್ತದೆ. ಮೌನದಲ್ಲಿ ದೋಷಕ್ಕೆ ಅಡಗಲು ಜಾಗವಿಲ್ಲ.

ಕೇಳಿದ ಸದ್ದಿಗೆ ಹೆಸರಿಡಿ. "ಗುಂಯ್" ಎಂದು ದುಂಡಗೆ, ಒಂದೇ ಸಮನೆ ಕೇಳಿದರೆ ವಿದ್ಯುತ್ತಿನ ಗುಂಜು: 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಮತ್ತು ಅದರ ಮಡಿಗಳು (100, 150, 200 ಹೀಗೆ). "ಝರ್ರ್" ಎಂದು ಚೂಪಾಗಿದ್ದರೆ ಫ್ಯಾನ್ ರೆಗ್ಯುಲೇಟರ್, ದೀಪದ ಡಿಮ್ಮರ್, ಅಗ್ಗದ ಎಲ್ಇಡಿ ಬಲ್ಬು ಅಥವಾ ಚಾರ್ಜರ್. "ಸುಯ್" ಎಂಬ ಮಳೆಯಂತಹ ಹಿನ್ನೆಲೆ ಇದ್ದರೆ ಗೇನ್ ಹೆಚ್ಚು, ಮೈಕ್ ದೂರ. "ಚಟ್, ಪಟ್" ಎಂದು ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಸಿಡಿದರೆ ತೇವ, ಇಲ್ಲವೇ ಸಡಿಲ ಕೇಬಲ್, ಇಲ್ಲವೇ ಕಂಪ್ಯೂಟರ್ ಏದುಸಿರು ಬಿಡುತ್ತಿದೆ. ಹೆಸರಿಡುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನಾವು ಮಾತ್ರ ಆರು ವಾರ "ಏನೋ ಸರಿ ಇಲ್ಲ" ಎಂದಷ್ಟೇ ಹೇಳುತ್ತ ಕುಳಿತಿದ್ದೆವು.

ಇನ್ನೊಂದು ಮಾತು. ಸದ್ದು ಫೈಲಿನೊಳಗೆ ಇದೆಯೋ ಅಥವಾ ಕೇಳಿಸುವ ಸ್ಪೀಕರಿನಲ್ಲಿ ಮಾತ್ರ ಇದೆಯೋ ನೋಡಿ. ಅದೇ ಫೈಲನ್ನು ಮೊಬೈಲಿಗೆ ಹಾಕಿ ಇಯರ್‌ಫೋನಿನಲ್ಲಿ ಕೇಳಿದರೆ ಗೊತ್ತಾಗುತ್ತದೆ. ಫೈಲ್ ಶುದ್ಧವಾಗಿದ್ದು ಸ್ಪೀಕರ್ ಮಾತ್ರ ಗುಂಯ್‌ಗುಟ್ಟಿದರೆ, ಲ್ಯಾಪ್‌ಟಾಪ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯ ಸಾಕೆಟ್ಟಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಎರಡು ಅರ್ಥಿಂಗ್ ದಾರಿಗಳ ನಡುವೆ ಕುಣಿಕೆಯಾಗಿ ಗುಂಜು ಬರುತ್ತದೆ. ಎಲ್ಲವನ್ನೂ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಗುಂಜು ಎಲ್ಲಿಂದ ಬಂತು

ಸರಪಳಿಯನ್ನು ನಡುವೆ ತುಂಡರಿಸಿ ಹುಡುಕಬೇಕು. ಒಂದು ಕಡೆ ಮೈಕ್ ಮತ್ತು ಕೇಬಲ್, ಇನ್ನೊಂದು ಕಡೆ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪ್. ಫ್ಯಾಂಟಮ್ ಪವರ್ (ಇಂಟರ್‌ಫೇಸ್ ಕೇಬಲಿನ ಮೂಲಕ ಕಂಡೆನ್ಸರ್ ಮೈಕಿಗೆ ಕೊಡುವ ವಿದ್ಯುತ್) ಆರಿಸಿ, ಹೆಡ್‌ಫೋನಿನ ಸದ್ದು ತಗ್ಗಿಸಿ, ಅರ್ಧ ನಿಮಿಷ ಬಿಟ್ಟು ಕೇಬಲನ್ನು ಇಂಟರ್‌ಫೇಸಿನ ತುದಿಯಲ್ಲಿ ಕಳಚಿ. ಮೈಕಿನ ತುದಿಯಲ್ಲಿ ಕಳಚಿದರೆ ಉಳಿದ ಕೇಬಲ್ ಆಂಟೆನಾದಂತೆ ವರ್ತಿಸಿ ದಾರಿ ತಪ್ಪಿಸುತ್ತದೆ. ನಾನು ಒಂದು ಭಾನುವಾರವನ್ನು ಇದರಲ್ಲೇ ಕಳೆದಿದ್ದೇನೆ. ಮತ್ತೆ ಮೌನವನ್ನು ರೆಕಾರ್ಡ್ ಮಾಡಿ. ಗುಂಜು ಹೋದರೆ ಮೈಕ್, ಕೇಬಲ್ ಅಥವಾ ಅವುಗಳ ಸುತ್ತಲಿನ ಜಾಗ. ಉಳಿದರೆ ಇಂಟರ್‌ಫೇಸ್, ಲ್ಯಾಪ್‌ಟಾಪ್ ಮತ್ತು ಅವುಗಳ ವಿದ್ಯುತ್.

ನಮ್ಮಲ್ಲಿ ಉಳಿಯಿತು. ಮುಂದಿನ ಪರೀಕ್ಷೆಗೆ ಹತ್ತು ಸೆಕೆಂಡ್ ಸಾಕು: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸುವುದು. ಕಿತ್ತ ಕ್ಷಣ ಹೆಡ್‌ಫೋನಿನಲ್ಲಿ ಬಾವಿಯ ಬಾಯಿ ಮುಚ್ಚಿದಂತೆ ಸದ್ದು ನಿಂತಿತು. ಹಾಕಿದಾಗ ಮತ್ತೆ ಬಂತು. ಮೂರು ಸಲ ಹಾಕಿ ಕಿತ್ತು ಖಚಿತಪಡಿಸಿಕೊಂಡೆ.

ಹಾಗೆಂದು ಚಾರ್ಜರ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಅದು ಮೂರು ಪಿನ್ನಿನ ಚಾರ್ಜರ್, ಅರ್ಥಿಂಗ್ ನಂಬಿಕೊಂಡು ಮಾಡಿದ ಸಾಧನ. ಲ್ಯಾಪ್‌ಟಾಪಿನ ಲೋಹದ ಮೈಯನ್ನು ಬೆರಳ ಹಿಂಬದಿಯಿಂದ ಮೆಲ್ಲಗೆ ಸವರಿದಾಗ ಇರುವೆ ಹರಿದಂತೆ ಚುರುಗುಟ್ಟುತ್ತಿತ್ತು. ಚಾರ್ಜರಿನೊಳಗಿನ ಸಣ್ಣ ಕೆಪಾಸಿಟರುಗಳ ಮೂಲಕ ಸೋರುವ ಅತ್ಯಲ್ಪ ವಿದ್ಯುತ್ ನೆಲಕ್ಕೆ ಇಳಿಯಬೇಕು. ಇಳಿಯುವ ದಾರಿ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈಮೇಲೆ, ಅಲ್ಲಿಂದ ಯುಎಸ್‌ಬಿ ತಂತಿಯ ಮೂಲಕ ಇಂಟರ್‌ಫೇಸಿಗೆ ಹತ್ತುತ್ತದೆ. ಮೂರು ದೀಪದ ಸಾಕೆಟ್ ಟೆಸ್ಟರ್ ತಂದು ಚುಚ್ಚಿದೆ. ಅರ್ಥಿಂಗ್ ದೀಪ ಹೊತ್ತಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಮೇನ್ ಆರಿಸಿ ಸಾಕೆಟ್ ಬಿಚ್ಚಿದಾಗ ಹಸಿರು ತಂತಿ ಪೆಟ್ಟಿಗೆಯೊಳಗೆ ಸುಮ್ಮನೆ ಸುತ್ತಿಕೊಂಡು ಕುಳಿತಿತ್ತು. ಅದನ್ನು ಯಾರೂ ಜೋಡಿಸಿಯೇ ಇರಲಿಲ್ಲ. ಹನ್ನೊಂದು ವರ್ಷ ಆ ಮನೆಯಲ್ಲಿ ಇದ್ದೇವೆ. ಅದೇ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ಹಾಕಿದ್ದನ್ನು ನೆನೆದು ಹೆಂಡತಿ ನನ್ನತ್ತ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಈಗ ಜಿ ಕಾರ್ಡಿನ ತೂಗಾಟಕ್ಕೆ ಬರೋಣ. ಗಿಟಾರಿನ ದಪ್ಪ ಇ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಬರುವ ಜಿ ಸ್ವರ 98 ಹರ್ಟ್ಸ್. ವಿದ್ಯುತ್ತಿನ ಗುಂಜಿನ ಎರಡನೆಯ ಮಡಿ 100 ಹರ್ಟ್ಸ್. ಎರಡು ಹತ್ತಿರದ ಸ್ವರಗಳು ಕೂಡಿದರೆ ಅವುಗಳ ಅಂತರದಷ್ಟು ಸಲ ಸದ್ದು ಏರಿಳಿಯುತ್ತದೆ: ಸೆಕೆಂಡಿಗೆ ಎರಡು. ಮೀಟಿದ ಹೊಸದರಲ್ಲಿ ತಂತಿಯ ನಾದ ಗುಂಜನ್ನು ಮುಳುಗಿಸುತ್ತದೆ; ನಾದ ಗುಂಜಿನ ಮಟ್ಟಕ್ಕೆ ಇಳಿದಾಗ ತೂಗಾಟ ಕಾಣಿಸುತ್ತದೆ. ತಂಬೂರಿ ಶ್ರುತಿ ಮಾಡುವವರು ದಿನವೂ ಕೇಳುವ ಸಂಗತಿಯೇ ಇದು. ಸೋದರಮಾವ ಶ್ರುತಿ ತಪ್ಪಿದೆ ಎಂದದ್ದು ಸುಳ್ಳಲ್ಲ. ಶ್ರುತಿ ತಪ್ಪಿದ್ದು ಗಿಟಾರಿಗೂ ವಿದ್ಯುತ್ತಿಗೂ.

ಇದರಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ಗುಂಜನ್ನು ಸಾಫ್ಟ್‌ವೇರಿನ ಫಿಲ್ಟರಿನಿಂದ ತೆಗೆಯುತ್ತೇನೆ ಎಂಬ ಆಸೆ ಬೇಡ. ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಸಿನಲ್ಲಿ ಶುರುವಾಗುತ್ತದೆ. 50 ಹರ್ಟ್ಸನ್ನು ಕತ್ತರಿಸಬಹುದು. 100, 150, 200ರಲ್ಲಿ ಕತ್ತರಿ ಹಾಕಿದರೆ ಗಿಟಾರಿನ ಎದೆಯೇ ಹೋಗುತ್ತದೆ. ಮೂರನೆಯ ಪಿನ್ ಕತ್ತರಿಸಿ ಅಥವಾ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಗುಂಜು ನಿಲ್ಲಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಅವರಿಗೆ ಕಾಫಿ ಕೊಟ್ಟು ಕಳಿಸಿ. 230 ವೋಲ್ಟಿನ ಮುಂದೆ ಲೋಹದ ತಂತಿ ಹಿಡಿದು, ಲೋಹದ ಮೈಕಿಗೆ ತುಟಿ ತಾಗಿಸಿ ಹಾಡುವವರು ನಾವು.

ಮೈಕಿನ ಕಡೆಯೇ ದೋಷವಿದ್ದರೆ ಮೊದಲು ಫ್ಯಾನ್ ನೋಡಿ. ಗುಂಡಿ ತಿರುಗಿಸಿದಂತೆ ನಿಧಾನವಾಗಿ ವೇಗ ಬದಲಾಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ವಿದ್ಯುತ್ತಿನ ಪ್ರತಿ ಅಲೆಯನ್ನೂ ಕತ್ತರಿಸುತ್ತವೆ; ಆ ಕತ್ತರಿಯ ಸದ್ದೇ "ಝರ್ರ್". ಪೂರ್ಣ ವೇಗಕ್ಕೆ ತಿರುಗಿಸಿದಾಗ ಸದ್ದು ತಗ್ಗಿದರೆ ಅಪರಾಧಿ ಸಿಕ್ಕಿಬಿದ್ದ ಹಾಗೆ. ಹೆಜ್ಜೆ ಹೆಜ್ಜೆಯಾಗಿ ಬದಲಾಗುವ ಕೆಪಾಸಿಟರ್ ರೆಗ್ಯುಲೇಟರಿನಲ್ಲಿ ಈ ತೊಂದರೆ ಕಡಿಮೆ. ಪಕ್ಕದ ಕೋಣೆಯ ಫ್ಯಾನನ್ನೂ ಆರಿಸಿ ನೋಡಿ. ಗೋಡೆಗೆ ಎರಡೂ ಬದಿ ಇರುತ್ತದೆ.

ಸಾಸಿವೆ ಸಿಡಿದಂತೆ

ಜೂನ್ ಮಧ್ಯದಿಂದ ಸೆಪ್ಟೆಂಬರಿನವರೆಗೆ ಮುಂಬಯಿಯಲ್ಲಿ ಹಪ್ಪಳ ಡಬ್ಬಿಯಿಂದ ತೆಗೆದು ತಟ್ಟೆಗೆ ಹಾಕುವಷ್ಟರಲ್ಲಿ ಮೆತ್ತಗಾಗುತ್ತದೆ. ಕಂಡೆನ್ಸರ್ ಮೈಕಿನೊಳಗಿನ ಪೊರೆ ಹಪ್ಪಳಕ್ಕಿಂತ ಬಹಳ ತೆಳು. ಪೊರೆಗೂ ಹಿಂದಿನ ಲೋಹದ ಫಲಕಕ್ಕೂ ನಡುವೆ ವಿದ್ಯುತ್ ಚಾರ್ಜ್ ನಿಂತಿರುತ್ತದೆ. ತೇವ ಕುಳಿತರೆ ಆ ಚಾರ್ಜ್ ಅಲ್ಲಲ್ಲಿ ಸೋರಿ ಚಟಚಟ ಎನ್ನುತ್ತದೆ. ಎಸಿ ಕೋಣೆಯಲ್ಲಿ ತಣ್ಣಗಾದ ಮೈಕನ್ನು ಹಜಾರದ ಬಿಸಿ ತೇವಕ್ಕೆ ತಂದರೆ ಕನ್ನಡಕಕ್ಕೆ ಮಂಜು ಕವಿಯುವ ಹಾಗೆ ಅದಕ್ಕೂ ಕವಿಯುತ್ತದೆ.

ಪರೀಕ್ಷೆ ಸರಳ. ಅದೇ ಕೇಬಲ್, ಅದೇ ಇನ್‌ಪುಟ್ಟಿಗೆ ಒಂದು ಡೈನಾಮಿಕ್ ಮೈಕ್ (ಸುರುಳಿ ಮತ್ತು ಅಯಸ್ಕಾಂತದಿಂದ ನಡೆಯುವ, ಒಳಗೆ ಚಾರ್ಜ್ ಬೇಡದ ಬಗೆ) ಹಾಕಿ, ಫ್ಯಾಂಟಮ್ ಪವರ್ ಆರಿಸಿ. ಸಿಡಿತ ನಿಂತರೆ ಕಂಡೆನ್ಸರಿನ ತೇವ. ನಿಲ್ಲದಿದ್ದರೆ ಕೇಬಲಿನ ಎರಡೂ ತುದಿಗಳನ್ನು ಮೆಲ್ಲಗೆ ಬಾಗಿಸಿ ನೋಡಿ. ಬೆಸುಗೆ ಬಿಟ್ಟ ಜಾಗ ಕೈಯಲ್ಲೇ ಮಾತಾಡುತ್ತದೆ. ತೇವ ಹಿಡಿದ ಮೈಕಿಗೆ ಕೂದಲು ಒಣಗಿಸುವ ಯಂತ್ರ ಹಿಡಿಯಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದು ದಿನ ಮಲಗಿಸಿ. ನೀಲಿ ಹರಳು ಗುಲಾಬಿಯಾದರೆ ಅದು ಸಾಕಷ್ಟು ನೀರು ಕುಡಿದಿದೆ ಎಂದರ್ಥ, ಬದಲಿಸಿ. ಆ ನೀಲಿಯಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಮನೆಗೆ ಒಯ್ಯಬೇಡಿ.

ಗಿಟಾರಿಗೂ ಇದೇ ಕಾಲ ಕಷ್ಟ. ಮರದ ವಾದ್ಯಕ್ಕೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಇಲ್ಲಿನ ಜುಲೈಯಲ್ಲಿ ಅದು 80 ದಾಟುವುದು ದಿನನಿತ್ಯದ ಮಾತು. ಮೇಲ್ಹಲಗೆ ಉಬ್ಬಿ ತಂತಿ ಎತ್ತರವಾಗುತ್ತದೆ, ಒತ್ತಿದಾಗ ಸ್ವರ ಮೇಲಕ್ಕೆ ಜಾರುತ್ತದೆ, ನಾದ ಒದ್ದೆ ಮದ್ದಲೆಯಂತೆ ಮಂಕಾಗುತ್ತದೆ. ಇದಕ್ಕೆ ಮೈಕನ್ನು ದೂಷಿಸಿ ಪ್ರಯೋಜನವಿಲ್ಲ. ಪ್ರತಿ ಟೇಕಿಗೂ ಶ್ರುತಿ ನೋಡುವುದು, ವಾದ್ಯವನ್ನು ಪೆಟ್ಟಿಗೆಯಲ್ಲೇ ಇಡುವುದು, ಪೆಟ್ಟಿಗೆಯಲ್ಲೊಂದು ತೇವಮಾಪಕ ಹಾಕುವುದು. ಇಷ್ಟೇ.

ಎ ತಂತಿ ಮೊರೆಯುವುದು, ಎ ತಂತಿ ಜಿರಿಜಿರಿ ಎನ್ನುವುದು

ಇವು ಬೇರೆ ಬೇರೆ ದೋಷಗಳು, ಎರಡೂ ನಮ್ಮ ಕೋಣೆಯಲ್ಲಿ ಒಂದೇ ತಂತಿಗೆ ಬಂದವು.

ಮೊರೆತದಲ್ಲಿ ಮೊದಲ ಅನುಮಾನ ಮೈಕ್ ಇಟ್ಟ ಜಾಗದ ಮೇಲಿರಲಿ. ಸದ್ದು ತೂತಿನಿಂದ ಬರುತ್ತದೆ ಎಂದು ತೂತಿನ ಮುಂದೆಯೇ ಮೈಕ್ ಇಡುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಸಿಗುವುದು ಪೆಟ್ಟಿಗೆಯ ಗಾಳಿಯ ಉಬ್ಬಸ. ಹನ್ನೆರಡನೆಯ ಫ್ರೆಟ್ಟಿನ ಎದುರು, ಒಂದು ಗೇಣಿನಿಂದ ಒಂದೂವರೆ ಗೇಣು ದೂರದಲ್ಲಿ ಇಟ್ಟು, ಮೂತಿಯನ್ನು ಕುತ್ತಿಗೆ ಮತ್ತು ಪೆಟ್ಟಿಗೆ ಸೇರುವ ಕಡೆಗೆ ತುಸು ತಿರುಗಿಸಿ. ಹತ್ತಿರ ತಂದಷ್ಟೂ ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಬಗೆ) ಕೆಳಸ್ವರಗಳನ್ನು ಉಬ್ಬಿಸುತ್ತದೆ.

ಅಷ್ಟು ಮಾಡಿಯೂ ಎ ತಂತಿ ಒಂದೇ ಮೊರೆದರೆ ಕೋಣೆಯನ್ನು ಅಳೆಯಿರಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತಡಿ ಎಂದರೆ 3.05 ಮೀಟರ್. ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಮೊದಲ ಅಲೆ 56 ಹರ್ಟ್ಸ್, ಗಿಟಾರಿಗೆ ಸಂಬಂಧವಿಲ್ಲ. ಎರಡನೆಯದು 112. ಎ ತಂತಿ 110. ಕೋಣೆಯ ನಟ್ಟನಡುವೆ ಕುಳಿತರೆ ಈ ಎರಡನೆಯ ಅಲೆ ತುದಿಗೇರಿರುತ್ತದೆ. ಗೋಡೆಯಿಂದ ಎರಡೂವರೆ ಅಡಿಯಲ್ಲಿ ಅದು ಸತ್ತಿರುತ್ತದೆ, ಅಲ್ಲಿ ಎ ಸ್ವರವೇ ಬಡವಾಗುತ್ತದೆ. ನಮ್ಮದು ಚಚ್ಚೌಕ ಕೋಣೆಯಾದ್ದರಿಂದ ಉದ್ದ ಅಗಲ ಎರಡೂ ಸೇರಿ ಪೆಟ್ಟು ಇಮ್ಮಡಿ. ಒಂದು ಗೋಡೆಯಿಂದ ಸುಮಾರು ಮೂರಡಿ, ಪಕ್ಕದ ಗೋಡೆಯಿಂದ ಮೂರೂವರೆ ಅಡಿಯಲ್ಲಿ ಮೈಕ್ ಬರುವಂತೆ ಸ್ಟೂಲು ಸರಿಸಿದಾಗ ಸಮತೋಲ ಸಿಕ್ಕಿತು. ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದ್ದೇವೆ. ಕೆಲಸದವಳು ಒರೆಸುತ್ತಾಳೆ, ನಾವು ಮತ್ತೆ ಹಾಕುತ್ತೇವೆ.

ನೆಲ ಪೂರ್ತಿ ಟೈಲ್ಸ್, ಗೋಡೆ ಬರಿದಾದ್ದರಿಂದ ಚಪ್ಪಾಳೆ ಹೊಡೆದರೆ "ಟಿರ್ರ್" ಎಂದು ಬಾಲ ಉಳಿಯುತ್ತಿತ್ತು. ಅಜ್ಜಿ ಹೊಲಿದ ಎರಡು ಕೌದಿಗಳನ್ನು ಹಾಡುವವನ ಬೆನ್ನ ಹಿಂದೆ ಹಗ್ಗಕ್ಕೆ ತೂಗುಹಾಕಿದೆವು, ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು. ಕಾರ್ಡಿಯಾಯ್ಡ್ ಮೈಕ್ ನೋಡುವುದು ಹಾಡುವವನ ಬೆನ್ನಿನ ಗೋಡೆಯನ್ನೇ, ತನ್ನ ಹಿಂದಿನ ಗೋಡೆಯನ್ನಲ್ಲ. ಕೌದಿ ಮೇಲಿನ ಸ್ವರಗಳನ್ನು ಚೆನ್ನಾಗಿ ನುಂಗುತ್ತದೆ. 112 ಹರ್ಟ್ಸಿಗೆ ಅದು ಇದ್ದೂ ಇಲ್ಲದ ಹಾಗೆ.

ಇನ್ನು ಜಿರಿಜಿರಿ. ಎ ತಂತಿಯನ್ನು ಎಲ್ಲೂ ಒತ್ತದೆ ಖಾಲಿಯಾಗಿ ಮೀಟಿದಾಗ ಮಾತ್ರ, ಸ್ವಲ್ಪ ಜೋರಾಗಿ ಮೀಟಿದರೆ ಮಾತ್ರ. ಫ್ರೆಟ್ಟಿಗೆ ತಂತಿ ತಾಗುತ್ತಿದೆ ಎಂದು ಗಿಟಾರ್ ರಿಪೇರಿಗೆ ಕೊಟ್ಟು ತಂದದ್ದೂ ಆಯಿತು. ಕೊನೆಗೆ ಗಿಟಾರನ್ನು ಅಡುಗೆಮನೆಗೆ ಒಯ್ದು ನುಡಿಸಿದೆ: ಜಿರಿಜಿರಿ ಇಲ್ಲ. ಅಂದರೆ ದೋಷ ಗಿಟಾರಿನಲ್ಲಿ ಇರಲಿಲ್ಲ. ಮೊಬೈಲಿನ ಟೋನ್ ಆ್ಯಪಿನಲ್ಲಿ 110 ಹರ್ಟ್ಸ್ ಹಾಕಿ ಸ್ಪೀಕರಿನಲ್ಲಿ ಜೋರಾಗಿ ಬಿಟ್ಟು, ಕೋಣೆಯಲ್ಲಿ ಒಂದೊಂದೇ ವಸ್ತುವಿನ ಮೇಲೆ ಅಂಗೈ ಇಡುತ್ತ ಹೋದೆ. ಕಬ್ಬಿಣದ ಕಪಾಟು, ಫೋಟೋ, ಟೇಬಲ್ ಲ್ಯಾಂಪ್. ಅಲ್ಯೂಮಿನಿಯಂ ಜಾರುಕಿಟಕಿಯ ಎಡ ಗಾಜಿನ ಮೇಲೆ ಕೈ ಇಟ್ಟಾಗ ನಿಂತಿತು. ಗಾಜಿನ ಅಂಚಿನ ರಬ್ಬರ್ ಒಣಗಿ ಒಂದು ಬೆರಳಿನಷ್ಟು ಬಿಟ್ಟುಕೊಂಡಿತ್ತು. ವರ್ತಮಾನ ಪತ್ರಿಕೆಯ ಚೂರು ಮಡಿಚಿ ಸಿಕ್ಕಿಸಿದ್ದೇನೆ. ರಬ್ಬರ್ ಬದಲಿಸಬೇಕು, ಬದಲಿಸಿಲ್ಲ.

ಎರಡು ಮೈಕ್ ಸೇರಿದರೆ ಕೊರಳು ಟೊಳ್ಳಾಗುವುದು

ಹಾಡುತ್ತಲೇ ಗಿಟಾರ್ ನುಡಿಸುವವರಿಗೆ ಎರಡು ಮೈಕ್ ಇಟ್ಟರೆ, ಒಂದೊಂದನ್ನೇ ಕೇಳಿದಾಗ ಚಂದ, ಕೂಡಿಸಿದಾಗ ಡಬ್ಬಿಯೊಳಗಿಂದ ಹಾಡಿದ ಹಾಗೆ. ಕಾರಣ, ಬಾಯಿಯ ಸದ್ದು ತನ್ನ ಮೈಕಿಗೆ ಬೇಗ, ಗಿಟಾರಿನ ಮೈಕಿಗೆ ತಡವಾಗಿ ತಲುಪುತ್ತದೆ. ಎರಡು ದಾರಿಗಳ ಅಂತರ 34 ಸೆಂಟಿಮೀಟರ್ ಇದ್ದರೆ ಒಂದು ಮಿಲಿಸೆಕೆಂಡ್ ತಡ. ಆಗ 500 ಹರ್ಟ್ಸ್, 1,500, 2,500 ಹೀಗೆ ಸ್ವರಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಕೊರಳಿನ ತಿರುಳೇ ಅಲ್ಲಿದೆ.

ಒಂದು ಟ್ರ್ಯಾಕನ್ನು ಮ್ಯೂಟ್ ಮಾಡಿದಾಗ ಟೊಳ್ಳುತನ ಹೋದರೆ ದೋಷ ಇದೇ. ಪೊಲಾರಿಟಿ ತಿರುಗಿಸುವ (ಅಲೆಯನ್ನು ತಲೆಕೆಳಗು ಮಾಡುವ) ಗುಂಡಿ ಒತ್ತಿ ನೋಡಿ. ತುಂಬಿಕೊಂಡು ಕೇಳುವ ಕಡೆ ಬಿಡಿ. ಅದು ಅರ್ಧ ಪರಿಹಾರ. ಎಂಟರ ಆಕಾರದ ಗ್ರಹಣವಿರುವ (ಹಿಂದೆ ಮುಂದೆ ಕೇಳಿ ಪಕ್ಕಗಳಲ್ಲಿ ಕಿವುಡಾದ) ಮೈಕ್ ಇದ್ದವರು ಅದರ ಕಿವುಡು ಪಕ್ಕೆಯನ್ನು ಬಾಯಿಗೆ ತಿರುಗಿಸಿ ಗಿಟಾರ್ ಹಿಡಿದರೆ ಸೋರಿಕೆ ಬಹಳ ಇಳಿಯುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ.

ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಎಂದು ತಿಳಿದವರು ಹೇಳುತ್ತಾರೆ. ಮಾಡಿ ನೋಡಿದೆವು. ಸದ್ದು ಶುದ್ಧ, ಹಾಡು ಸತ್ತಿತ್ತು. ಭಾವಗೀತೆಯಲ್ಲಿ ಹಾಡುವವನು ಸಾಲಿನ ಕೊನೆಯಲ್ಲಿ ಕೊಂಚ ತಡೆಯುತ್ತಾನೆ, ಗಿಟಾರ್ ಅವನಿಗಾಗಿ ಕಾಯುತ್ತದೆ. ಆ ಕಾಯುವಿಕೆಯನ್ನು ಮೆಟ್ರೊನೋಮ್ ಕೊಡುವುದಿಲ್ಲ. ಈಗ ಒಂದೇ ಮೈಕ್ ಇಡುತ್ತೇವೆ, ಎದೆಯ ಎತ್ತರಕ್ಕೆ, ಒಂದೂವರೆ ಅಡಿ ದೂರದಲ್ಲಿ. ಕೊರಳು ಹಿಂದೆ ಬಿದ್ದರೆ ಮೈಕ್ ಎರಡಂಗುಲ ಮೇಲಕ್ಕೆ, ಗಿಟಾರ್ ಹಿಂದೆ ಬಿದ್ದರೆ ಕೆಳಕ್ಕೆ. ಆಮೇಲೆ ಸರಿಪಡಿಸಲು ಆಗುವುದಿಲ್ಲ, ಆದ್ದರಿಂದ ಮೊದಲೇ ಸರಿ ಮಾಡಿಕೊಳ್ಳುತ್ತೇವೆ.

ಕೊರಳಿಗೆ ಬೇರೆ ಮೈಕ್ ಇಟ್ಟವರಿಗೆ ಕನ್ನಡದ ಮಹಾಪ್ರಾಣಗಳ ಕಾಟವುಂಟು. ಮಾತಿನಲ್ಲಿ "ಬಾವ" ಎನ್ನುವವರೂ ಮೈಕ್ ಕಂಡೊಡನೆ "ಭಾವ"ಕ್ಕೆ ಹೊಟ್ಟೆಯಿಂದ ಗಾಳಿ ತರುತ್ತಾರೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಫಲ, ಭಾವ, ಪಾಪ" ಎನ್ನಿ. ಗಾಳಿ ಬಡಿಯುವ ಜಾಗದಿಂದ ಮೈಕನ್ನು ಪಕ್ಕಕ್ಕೆ ಸರಿಸಿ, ಮೂತಿ ಬಾಯಿಯ ಕಡೆಗೇ ಇರಲಿ. ನಾಲ್ಕು ಬೆರಳು ಬಿಟ್ಟು ಪಾಪ್ ಫಿಲ್ಟರ್, ಅಂದರೆ ಗಾಳಿ ತಡೆಯುವ ಜಾಲರಿ.

ಕಂಪ್ಯೂಟರಿನ ತಪ್ಪುಗಳು

ಇವು ಬೇಗ ಮುಗಿಯುತ್ತವೆ. ಹಾಡು ಸುಮಾರು ಒಂದೂವರೆ ಸೆಮಿಟೋನಿನಷ್ಟು (ಗಿಟಾರಿನಲ್ಲಿ ಒಂದೂವರೆ ಫ್ರೆಟ್) ಮೇಲೆ ಅಥವಾ ಕೆಳಗೆ, ವೇಗವೂ ಅಷ್ಟೇ ಬದಲಾಗಿ ಕೇಳಿದರೆ ಒಂದು ಕಡೆ 44,100, ಇನ್ನೊಂದು ಕಡೆ 48,000 ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಎಂಬ ಸಂಖ್ಯೆ) ಇದೆ. ಎರಡನ್ನೂ ಒಂದು ಮಾಡಿ. ಹಾಡುವಾಗ ನಿಮ್ಮ ಸದ್ದು ನಿಮಗೇ ತಡವಾಗಿ ಕೇಳಿದರೆ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಸಂಸ್ಕರಿಸುವ ಸದ್ದಿನ ತುಣುಕು) ದೊಡ್ಡದಿದೆ: 48,000ದಲ್ಲಿ 1,024 ಸ್ಯಾಂಪಲ್ ಬಫರ್ ಎಂದರೆ 21 ಮಿಲಿಸೆಕೆಂಡ್, 128 ಎಂದರೆ ಮೂರಕ್ಕಿಂತ ಕಡಿಮೆ. ತೀರ ಇಳಿಸಿದರೆ ಚಟ್ ಪಟ್ ಶುರುವಾಗುತ್ತದೆ. ಇಂಟರ್‌ಫೇಸಿನಲ್ಲಿ ನೇರ ಮಾನಿಟರಿಂಗ್ ಗುಂಡಿ (ಕಂಪ್ಯೂಟರಿಗೆ ಹೋಗಿಬರದೆ ಸದ್ದನ್ನು ನೇರ ಕಿವಿಗೆ ಕೊಡುವಂಥದ್ದು) ಇದ್ದರೆ ಅದನ್ನು ಒತ್ತಿ, ಈ ಜಗಳವೇ ಬೇಡ. ಏರುದನಿಯಲ್ಲಿ ಕೊರಳು ಒಡೆದು ಕೇಳಿ, ಅಲೆಯ ತಲೆ ಚಾಕುವಿನಲ್ಲಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಗೇನ್ ಹೆಚ್ಚಾಗಿದೆ. 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡುವಾಗ ಅತಿ ಎತ್ತರದ ದನಿ ಮೈನಸ್ 12 ಡೆಸಿಬೆಲಿನ (ಸೊನ್ನೆಯೇ ಗರಿಷ್ಠ ಮಿತಿ) ಆಸುಪಾಸು ಮುಟ್ಟಿದರೆ ಸಾಕು. ಹಾಡುವವನು ಪರೀಕ್ಷೆಗೆ ಮೆಲ್ಲಗೆ ಹಾಡಿ ನಿಜವಾದ ಟೇಕಿನಲ್ಲಿ ಗಂಟಲು ಬಿಚ್ಚುವುದು ಲೋಕರೂಢಿ. ಗೇನನ್ನು ಪಲ್ಲವಿ ಕೇಳಿ ಇಡದೆ ಹಾಡಿನ ಅತಿ ಜೋರಾದ ಸಾಲು ಹಾಡಿಸಿ ಇಡಿ.

ಹೊರಗಿನ ಸದ್ದು

ಲೋಕಲ್ ಗಾಡಿಯ ಗುಡುಗುಡು, ಕುಕ್ಕರಿನ ಸೀಟಿ, ಗಣೇಶನ ಹಬ್ಬದ ಢೋಲು ತಾಶೆ. ಇವಕ್ಕೆ ಕೌದಿ ಸಾಲದು, ಗಡಿಯಾರವೇ ಗತಿ. ಗಾಡಿಗಳು ನಿಲ್ಲುವ ಮಧ್ಯರಾತ್ರಿಯ ನಂತರದ ಎರಡು ಮೂರು ಗಂಟೆ ಇಲ್ಲಿ ಬಂಗಾರ. ಆದರೆ ಏಪ್ರಿಲ್, ಮೇಯಲ್ಲಿ ಬೆಳಗಿನ ನಾಲ್ಕಕ್ಕೆಲ್ಲ ಕೋಗಿಲೆ ಶುರುಮಾಡುತ್ತದೆ, ಒಂದೊಂದು ಕೂಗಿಗೂ ಸ್ವರ ಏರಿಸುತ್ತ, ಕೊರಳಿನ ವ್ಯಾಪ್ತಿಯಲ್ಲೇ. ಅದನ್ನು ಫಿಲ್ಟರ್ ಮಾಡಲು ಬರುವುದಿಲ್ಲ. ಈ ವರ್ಷದ ಒಂದು ಹಾಡಿನ ಎರಡನೆಯ ಚರಣದಲ್ಲಿ ಅದು ಉಳಿದುಬಿಟ್ಟಿದೆ. ಸೋದರಮಾವ ಅದೊಂದನ್ನು ಮಾತ್ರ ದೋಷದ ಪಟ್ಟಿಗೆ ಸೇರಿಸಲಿಲ್ಲ. ಶ್ರುತಿ ಎಷ್ಟು ಎಂದು ಕೇಳಿದ.